ನಗಬಾರದೆಂದು ಕೂತ ಪ್ರೇಕ್ಷಕರು

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿ ಇದೆ. ಬೆಳಿಗ್ಗೆ ಅದು ಶುರುವಾದಾಗ ಮೊದಲು ನೆಲದೊಳಗಿಂದ ಬಂದಂಥ ಗುಂಯ್ ಎನ್ನುವ ಸದ್ದು, ಆಮೇಲೆ ಜೋಳದ ಹಿಟ್ಟಿನ ಬಿಸಿ ವಾಸನೆ. ವಾಸನೆ ನನಗೆ ಇಷ್ಟ. ಸದ್ದಿಗೆ ಮಾತ್ರ ಇವತ್ತೂ ಕೈಯಲ್ಲಿದ್ದ ಚಹಾ ತುಳುಕಿತು. ಹೆಂಡತಿ ನೆಲ ಒರೆಸುತ್ತ, "ಗಿರಣಿರೀ ಅದು, ಗಿರಣಿ" ಎಂದಳು. ಎಂ.ಎ. ಓದಿದ ಗಂಡನಿಗೆ ಗಿರಣಿಯ ಗುರುತನ್ನು ದಿನವೂ ಹೇಳಿಕೊಡಬೇಕಾದ ಗತಿ ಅವಳಿಗೆ ಬಂದದ್ದು ಒಂದು ಸಿನಿಮಾದಿಂದ. ನೀವದನ್ನು ನೋಡಿಲ್ಲ. ಯಾರೂ ನೋಡಿಲ್ಲ. ಅದು ಮುಗಿಯಲೇ ಇಲ್ಲ.

ಕುಂದಗೋಳದಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಗೆಳೆಯ ಮಲ್ಲಣ್ಣನಿಗೆ ಮದುವೆಗಳ ವಿಡಿಯೊ ತೆಗೆದು ತೆಗೆದು ಬೇಸರವಾಗಿತ್ತು. ಸಣ್ಣದೊಂದು ಪ್ರೇಮಕಥೆ ತೆಗೆಯುತ್ತೇನೆ ಎಂದ. ನಾಯಕ ಒಬ್ಬ ಸ್ಟ್ಯಾಂಡ್ ಅಪ್ ಹಾಸ್ಯಗಾರ. ಅವನ ಮಾತಿಗೆ ಯಾರೂ ನಗುವುದಿಲ್ಲ. ನಗದವರಲ್ಲೇ ಒಬ್ಬಳ ಮೇಲೆ ಅವನಿಗೆ ಮನಸ್ಸು. ಕಡೆಗೊಮ್ಮೆ ಅವಳು ನಗುತ್ತಾಳೆ. ಕಥೆ ಇಷ್ಟೇ.

ಇಂಥ ನಾಯಕನನ್ನು ಹುಡುಕಲು ದೂರ ಹೋಗಬೇಕಿರಲಿಲ್ಲ, ನಮ್ಮ ಚಿದಾನಂದನೇ ಇದ್ದ. ಹಗಲು ಬೀಜದ ಅಂಗಡಿಯಲ್ಲಿ ಕೆಲಸ, ಸಂಜೆ ಮದುವೆ, ಶಾಲೆಯ ಗ್ಯಾದರಿಂಗ್ ಎಂದು ಎಲ್ಲಿ ಕರೆದರೆ ಅಲ್ಲಿ ಮೈಕ್ ಹಿಡಿಯುವುದು. "ನಾ ಮಾತಾಡಾಕ ನಿಂತ್ರ ಮಂದಿ ಊಟಕ್ಕ ಏಳ್ತಾರ. ಪಂಕ್ತಿ ಲಗೂ ತುಂಬಲಿ ಅಂತನ ಬೀಗರು ನನ್ನ ಕರಸ್ತಾರ" ಎಂದು ತನ್ನನ್ನೇ ಆಡಿಕೊಳ್ಳುತ್ತಿದ್ದ. ನಾಯಕಿ ಶಾರದಾ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಚಿದಾನಂದನಿಗೆ ಅವಳ ಮೇಲೆ ನಿಜಕ್ಕೂ ಮನಸ್ಸಿತ್ತು ಎಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಅವಳಂತೂ ಅವನ ಒಂದು ಮಾತಿಗೂ ನಕ್ಕವಳಲ್ಲ. ಕೇಳಿದರೆ, "ನಾ ಏನ್ ಆಣಿ ಮಾಡೇನೇನ್ರಿ? ನಗಿ ಬರಬೇಕಲ್ಲ!" ಎನ್ನುತ್ತಿದ್ದಳು. ನನಗೆ ಸಿಕ್ಕಿದ್ದು ಬಿದಿರ ಕೋಲಿಗೆ ಮೈಕ್ ಕಟ್ಟಿ ಹಿಡಿಯುವ ಕೆಲಸ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಹಳ ಗಂಭೀರವಾಗಿ ನಿಲ್ಲುತ್ತಿದ್ದೆ. ಇಷ್ಟು ಓದಿದ್ದು ಕೋಲು ಹಿಡಿಯುವುದಕ್ಕೇ ಏನೋ ಎಂದು ಅಪ್ಪ ಅಂದದ್ದುಂಟು.

ಬೆಣ್ಣೆಹಳ್ಳವನ್ನು ಬೇಸಿಗೆಯಲ್ಲಿ ನೋಡಿದವರಿಗೆ ಅದು ಹಳ್ಳ ಎಂದರೆ ನಂಬಿಕೆ ಬರುವುದಿಲ್ಲ. ಒಣಗಿದ ಎರೆಮಣ್ಣು, ಜಾಲಿ, ನಾಲ್ಕು ಕಲ್ಲು. ಮೇಲುಗಡೆ ಎಲ್ಲೋ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ನೀರು ಬರುತ್ತದೆ ಎಂಬುದು ನಮಗೆಲ್ಲ ತಿಳಿದದ್ದೇ. ತಿಳಿದೂ ತಿಳಿದೂ ಶೂಟಿಂಗಿಗೆ ಆ ಹಳ್ಳದೊಳಗೇ ಜಾಗ ಆರಿಸಿದೆವು. ಅಲ್ಲಿ ಹಳ್ಳ ತಿರುವು ತೆಗೆದುಕೊಳ್ಳುತ್ತದೆ, ದಂಡೆ ಗ್ಯಾಲರಿಯ ಹಾಗೆ ಇಳಿದಿದೆ. ವೇದಿಕೆಯೇ ಸಿಗದ ಹಾಸ್ಯಗಾರ ಒಣ ಹಳ್ಳದಲ್ಲಿ ನಿಂತು ಮಾತಾಡುತ್ತಾನೆ, ಜನ ದಂಡೆಯ ಮೇಲೆ ಜಮಖಾನ ಹಾಸಿಕೊಂಡು ಕಲ್ಲಿನಂತೆ ಕೂತಿರುತ್ತಾರೆ. ಅವರಿಗೆ ತಿರುವಿನ ಮೇಲುಗಡೆ ನೇರವಾಗಿ ಕಾಣುತ್ತದೆ, ಚಿದಾನಂದನ ಬೆನ್ನು ಆ ಕಡೆಗೆ.

ಮೊದಲ ಸಲ ಪ್ರೇಕ್ಷಕರಾಗಿ ಕೂತ ಊರ ಜನರಲ್ಲಿ ಗಂಗವ್ವಜ್ಜಿ ಕಿಸಕ್ಕೆಂದು ನಕ್ಕು ಶಾಟ್ ಕೆಡಿಸಿದಳು.

"ಏ ಅಜ್ಜಿ, ನಗಬ್ಯಾಡ ಅಂದೇನಲ್ಲ! ಅಂವ ಸೋತ ಹಾಸ್ಯಗಾರ ಅದಾನ" ಎಂದ ಮಲ್ಲಣ್ಣ.

"ಅವನ ಮಾತಿಗೆ ಯಾರ ನಕ್ಕಾರೋ ತಮ್ಮಾ? ನಿನ್ನ ಟೊಪಗಿ ನೋಡಿ ನಕ್ಕೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು, ಚಿದಾನಂದನೂ. ಬಿಸಿಲು ಇಳಿಯುತ್ತಿತ್ತು. ಮಲ್ಲಣ್ಣನಿಗೆ ಸಿಟ್ಟು ಬಂತು. "ಇನ್ನ ಯಾರೂ ಪಿಟ್ಟ್ ಅನ್ನಬಾರದು ನೋಡ್ರಿ. ಆಕಾಶ ಹರಕೊಂಡು ಬಿದ್ರೂ ನಾ ಕಟ್ ಅನ್ನೂತನಕ ಸುಮ್ನ ಕುಂದರಬೇಕು" ಎಂದ. ಜನಕ್ಕೂ ನಾಚಿಕೆಯಾಗಿರಬೇಕು. ಈ ಸಲ ಉಸಿರು ಬಿಗಿಹಿಡಿದು ಕೂತರು.

ಚಿದಾನಂದ ಶುರು ಮಾಡಿದ: "ಹೆಣ್ಣ ನೋಡಾಕ ಹೋಗಿದ್ದೆ. ಹುಡುಗಿ ಅಪ್ಪ ಕೇಳಿದ್ರು, ಏನ್ ಕೆಲಸ ಮಾಡ್ತೀರಿ? ಮಂದೀನ ನಗಸ್ತೇನ್ರಿ ಅಂದೆ..." ಹೆಡ್‌ಫೋನಿನಲ್ಲಿ ಅವನ ಮಾತಿನ ಕೆಳಗೆ ಒಂದು ಗುಂಯ್ ಸದ್ದು ಸೇರಿತು. ರಸ್ತೆಯಲ್ಲಿ ಲಾರಿ ಇರಬೇಕು, ಈ ಶಾಟೂ ಹೋಯಿತು ಎಂದುಕೊಂಡೆ. ತಲೆಯೆತ್ತಿ ಜನರ ಕಡೆ ನೋಡಿದೆ. ಅವರ ಮುಖ ಬದಲಾಗಿತ್ತು. ಗಂಗವ್ವಜ್ಜಿಯ ಬಾಯಿ ತೆರೆದಿತ್ತು. ಒಬ್ಬ ಅರ್ಧ ಎದ್ದು, ಮಲ್ಲಣ್ಣನ ಕಡೆ ನೋಡಿ, ಮತ್ತೆ ಕೂತ. ಮಲ್ಲಣ್ಣನ ಕಣ್ಣು ಕ್ಯಾಮೆರಾದೊಳಗೆ ಇತ್ತು, ಅದರಲ್ಲಿ ಚಿದಾನಂದನ ಮುಖ ಬಿಟ್ಟು ಬೇರೇನೂ ಇರಲಿಲ್ಲ. ಚಿದಾನಂದ ಆ ಮುಖಗಳನ್ನು ನೋಡುತ್ತಲೇ ಮುಂದುವರಿಸಿದ: "ಅವರು ಹೊಟ್ಟಿ ಹಿಡಕೊಂಡು ನಕ್ರು. ಅದ ನೋಡ್ರಿ ನನ್ನ ಮೊದಲ್ನೇ ಕಾರ್ಯಕ್ರಮ."

"ಚಿದಾನಂದಾ!"

ಕೂಗಿದವಳು ದಂಡೆಯ ಮೇಲೆ ಜನರ ನಡುವೆ ಕೂತಿದ್ದ ಶಾರದಾ. ಅದುವರೆಗೆ "ನೋಡ್ರಿ", "ಅಲ್ರಿ" ಎಂದಷ್ಟೇ ಮಾತಾಡಿಸುತ್ತಿದ್ದವಳು. ಅವನು ತಿರುಗಿದ. ಕೆಂಪು ನೀರು, ಅದರ ಮುಂದೆ ಕಸ, ಮುರಿದ ಜಾಲಿ, ನೊರೆ. ಓಡಿದ, ಎರೆಮಣ್ಣಿನ ಬಿರುಕಿನಲ್ಲಿ ಕಾಲು ಸಿಕ್ಕಿತು, ಬಿದ್ದ. ನಾನು ಕೋಲು ಚಾಚಿದೆ, ಕೋಲು ಮುಟ್ಟಲಿಲ್ಲ. ಕೆಳಗಡೆ ಒಂದು ಜಾಲಿಗಿಡ ಸಿಕ್ಕಿತು ಅವನಿಗೆ, ಮುಳ್ಳು ಸಮೇತ ತಬ್ಬಿಕೊಂಡ. ಈಗ ದಂಡೆಯ ಮೇಲೆ ಎಲ್ಲರೂ ಕೂಗುತ್ತಿದ್ದರು, ಏನು ಕೂಗಿದರೂ ನೀರಿನ ಸದ್ದಿನಲ್ಲಿ ಅವನಿಗೆ ಕೇಳುವಂತಿರಲಿಲ್ಲ. ಜನ ಕೂತಿದ್ದ ಜಮಖಾನವನ್ನೇ ಸುತ್ತಿ, ಒಂದು ತುದಿ ಹಿಡಿದು ಎಸೆದರು. ಒಮ್ಮೆ ತಪ್ಪಿತು. ಮತ್ತೊಮ್ಮೆ ತಪ್ಪಿತು. ಅವನ ತಲೆ ಮುಳುಗಿ ಎದ್ದಿತು. ಆಮೇಲಿನ ಸಲ ಅವನು ಅದನ್ನು ಹಲ್ಲಿನಿಂದ ಹಿಡಿದ. ಕೈಗಳು ಗಿಡ ಬಿಡಲು ಒಪ್ಪಿರಲಿಲ್ಲ. ಹೇಗೆ ಬಿಟ್ಟ, ಹೇಗೆ ಎಳೆದೆವು, ನನಗೆ ಕ್ರಮವಾಗಿ ನೆನಪಿಲ್ಲ. ಅವನ ಹಲ್ಲು ಮಾತ್ರ ಕಣ್ಣಿನಿಂದ ಹೋಗುವುದಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಶಾರದಾ ಅವನನ್ನೇ ಮದುವೆಯಾದಳು. "ಹೆಸರು ಹಿಡದು ಕೂಗಿದ್ದು ಊರ ಮಂದಿ ಎಲ್ಲಾ ಕೇಳ್ಯಾರ. ಇನ್ನ ನನ್ನ ಯಾರು ಮಾಡ್ಕೋತಾರ?" ಎಂದಳು. ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಚಿದಾನಂದ ನಗಿಸುವುದನ್ನು ಬಿಟ್ಟ. ಬೀಜದ ಅಂಗಡಿಯಲ್ಲಿ ಗಿರಾಕಿಗಳು "ಒಂದು ಜೋಕ್ ಹೇಳೋ" ಎಂದರೆ ತಲೆ ತಗ್ಗಿಸಿ ಚೀಲ ಹೊಲಿಯುತ್ತಾನೆ. ನನಗೆ ಒಮ್ಮೆ ಮಾತ್ರ ಹೇಳಿದ: "ಅವತ್ತ ಅವರ ಮಾರಿ ನೋಡಿ, ಎಷ್ಟ ಛಂದ ಆಕ್ಟಿಂಗ್ ಮಾಡಾಕತ್ತಾರಲ್ಲ ಅಂತ ಖುಷಿ ಆಗಿತ್ತೋ ನನಗ. ಈಗ ಎದುರಿಗೆ ನಾಕ ಮಂದಿ ಕುಂತ್ರ ಅವರ ಮಾರಿ ಓದಾಕ ಬರೂದಿಲ್ಲ."

ಇವತ್ತು ಚಹಾ ಒರೆಸಿದ ಮೇಲೆ ಅವರ ಮನೆಗೆ ಹೋದೆ. ಯಾಕೆಂದು ಗೊತ್ತಿಲ್ಲ, ಸುಮ್ಮನೆ. ಚಿದಾನಂದ ಗೋಡೆಯ ಕಡೆ ಮುಖ ಮಾಡಿ ಅವಲಕ್ಕಿ ತಿನ್ನುತ್ತಿದ್ದ. ಶಾರದಾ ಈಗ ಶಾಲೆಯಿಂದ ದಿನಕ್ಕೊಂದು ನಗೆಹನಿ ತರುತ್ತಾಳಂತೆ. ಪಾಠ ಒಪ್ಪಿಸುವವಳ ಹಾಗೆ ಎಲ್ಲೂ ನಿಲ್ಲದೆ ಹೇಳಿದಳು: "ಒಂದನೇ ಕ್ಲಾಸಿನ ಹುಡುಗನ್ನ ಮುಂದ ಏನ್ ಆಗ್ತಿ ಅಂತ ಕೇಳಿದೆ ಎರಡನೇ ಕ್ಲಾಸ್ ಆಗ್ತೇನ್ರಿ ಟೀಚರ್ ಅಂದ."

ನಾನು ಅವಲಕ್ಕಿಯ ತಟ್ಟೆ ನೋಡಿದೆ.

"ಹಂಗಲ್ಲ," ಎಂದ ಚಿದಾನಂದ, ಗೋಡೆಯ ಕಡೆಗೇ. "ಹುಡುಗ ಉತ್ತರ ಕೊಡೂಕಿಂತ ಮೊದಲ ಸ್ವಲ್ಪ ತಡೀ. ಅಂವ ವಿಚಾರ ಮಾಡಬೇಕಲ್ಲ?"

ಅವಳು ಮತ್ತೆ ಹೇಳಿದಳು. ಮಧ್ಯದಲ್ಲಿ ತಡೆದಳು, ಬಹಳ ಹೊತ್ತು ತಡೆದಳು. ಆಗ ಅವನು ತಿರುಗಿ ಅವಳ ಮುಖ ನೋಡಿದ. ಹುಡುಗನ ಉತ್ತರ ಬಂತು. ನಾವಿಬ್ಬರೂ ನಗಲಿಲ್ಲ.

"ನೋಡ್ರಿ, ನಗಲಿಲ್ಲ" ಎಂದಳು.

"ಇರ್ಲಿ," ಎಂದ ಚಿದಾನಂದ. "ನನಗೂ ಹಿಂಗ ಆಗತಿತ್ತು."