ಆಂಟಿನ್ಯೂಟ್ರಿನೋದ ಮೇಲೆ ಎಳೆದ ಕೆಂಪು ಗೆರೆ

ಮೂಡುಬಿದಿರೆಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದಾಗ ನನಗೆ ಮೂಗಿನ ತುದಿಯಲ್ಲೇ ಕೋಪ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಗಳಿಗೆ ಮೊದಲೇ ಒಂದು ಕೀ, ಅಂದರೆ ಸರಿಯುತ್ತರಗಳ ಪಟ್ಟಿ, ಬರೆದಿಟ್ಟು, ಅದರಂತೆಯೇ ಅಂಕ ಕೊಡುವುದು ನಮ್ಮಲ್ಲಿಯ ಪದ್ಧತಿ. ಕೀ ಅಂದರೆ ಕೀ, ಅದಕ್ಕೆ ಎದುರಾಡುವವರಿಲ್ಲ. ಆ ವರ್ಷದ್ದನ್ನು ಬರೆದವನು ನಾನೇ, ಅದೂ ಪುಸ್ತಕ ತೆರೆಯದೆ.

ಬೆಳುವಾಯಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು, ಪರಮಾಣುವಿನ ಬೀಜದಿಂದ ಎಲೆಕ್ಟ್ರಾನ್ ಹೊರಬೀಳುವ ಬೀಟಾ ಕ್ಷಯದ ಸಮೀಕರಣದಲ್ಲಿ ಎಲೆಕ್ಟ್ರಾನಿನ ಪಕ್ಕ ಆಂಟಿನ್ಯೂಟ್ರಿನೋವನ್ನೂ ಬರೆದಿದ್ದಳು. ನನ್ನ ಕೀಯಲ್ಲಿ ಅದಿರಲಿಲ್ಲ. ಕೆಂಪು ಗೆರೆ ಎಳೆದು ಅಂಕ ಕಳೆದೆ.

ಪೇಪರು ಕೈಗೆ ಸಿಕ್ಕಿದ್ದೇ ಅವಳು ಎದ್ದು ನಿಂತಳು. "ಅದು ಬೇಕು ಸರ್. ಅದಿಲ್ಲದಿದ್ರೆ ಶಕ್ತಿ ಸರಿ ಹೊಂದುವುದಿಲ್ಲ."

"ಎಲ್ಲುಂಟು ಮಾರಾಯ್ತಿ ನಿನ್ನ ನ್ಯೂಟ್ರಿನೋ? ಬ್ಯಾಗಿನಲ್ಲಿ ಉಂಟಾ? ತೋರಿಸು, ನೋಡುವ," ಎಂದೆ.

ತರಗತಿ ಗೊಳ್ಳೆಂದು ನಕ್ಕಿತು. ಅವಳು ಮುಖ ಸಣ್ಣದು ಮಾಡಿಕೊಂಡು ಕುಳಿತಳು.

ಸ್ಟಾಫ್ ರೂಮಿಗೆ ಬಂದು ಪುಸ್ತಕ ತೆರೆದರೆ ಆಂಟಿನ್ಯೂಟ್ರಿನೋ ಅಲ್ಲೇ ಇತ್ತು. ವಿದ್ಯುದಂಶವಿಲ್ಲದ, ತೂಕ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಕಣ. ಕ್ಷಣಕ್ಷಣವೂ ಅದರ ಜೋಡಿ ಕಣಗಳಾದ ನ್ಯೂಟ್ರಿನೋಗಳು ಕೋಟಿಗಟ್ಟಲೆ ನಮ್ಮ ಮೈಯನ್ನು ದಾಟಿ ಹೋಗುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ಇದನ್ನೆಲ್ಲ ವರ್ಷ ವರ್ಷವೂ ಮಕ್ಕಳಿಗೆ ಬಾಯಿಪಾಠ ಒಪ್ಪಿಸಿದವನು ನಾನು! ಛೆ, ಅವತ್ತೇ ಹೋಗಿ ಹೇಳಬಹುದಿತ್ತು. ನಾಳೆ ಹೇಳುವ ಅಂದುಕೊಂಡೆ. ನಾಳೆ ರಿವಿಷನ್, ನಾಡಿದ್ದು ಪ್ರಾಕ್ಟಿಕಲ್. ನಿಜ ಹೇಳಬೇಕೆಂದರೆ, ಮಕ್ಕಳೆದುರು ಮರ್ಯಾದೆ ಹೋಗುತ್ತದೆಂಬ ಹೆದರಿಕೆ. ಅವಳು ಆಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬಿಎಸ್ಸಿಯಲ್ಲಿ ಭೌತಶಾಸ್ತ್ರವನ್ನೇ ಓದುತ್ತೇನೆ ಎನ್ನುತ್ತಿದ್ದವಳು ಅದನ್ನು ಬಿಟ್ಟಳೆಂದು ಯಾರೋ ಹೇಳಿದರು.

ಈಗ ನಿವೃತ್ತನಾಗಿ ಬಂಟ್ವಾಳದಲ್ಲಿದ್ದೇನೆ. ಕಳೆದ ತಿಂಗಳು ಪಕ್ಕದ ಮನೆಯವರ ಕೈಯಲ್ಲಿ ತರಿಸಿಕೊಂಡ ಹೊಸ ಕನ್ನಡಕ ಹಾಕಿಕೊಂಡರೆ ತಲೆ ಗಿರ್ರೆಂದಿತು. ಜಗಳಕ್ಕೇ ಸಿದ್ಧನಾಗಿ ಅಂಗಡಿಗೆ ಹೋದೆ. ಕೌಂಟರಿನ ಹಿಂದೆ ಆ ಬೆಳುವಾಯಿಯ ಹುಡುಗಿ! ನನಗೆ ನಮಸ್ಕಾರ ಹೇಳಿ, ಕನ್ನಡಕವನ್ನು ಯಂತ್ರಕ್ಕಿಟ್ಟು ನೋಡಿದಳು. "ತಪ್ಪು ನನ್ನದೇ ಸರ್. ಎಡದ ಲೆನ್ಸ್ ಬಲಕ್ಕೆ ಹಾಕಿದ್ದೇನೆ. ಈಗಲೇ ಸರಿ ಮಾಡಿ ಕೊಡ್ತೇನೆ," ಎಂದಳು, ಅಷ್ಟು ಜನ ಗಿರಾಕಿಗಳ ಎದುರೇ.

ಜಗಳ ಬಿಟ್ಟು ಕೌಂಟರಿನತ್ತ ಬಾಗಿದೆ. "ಆ ಆಂಟಿನ್ಯೂಟ್ರಿನೋ... ನೀನು ಬರೆದದ್ದು ಸರಿ ಇತ್ತು," ಎಂದೆ.

ಅವಳು ಸ್ಕ್ರೂ ತಿರುಗಿಸುತ್ತಲೇ ಇದ್ದಳು.

"ಗೊತ್ತುಂಟು ಸರ್. ಪುಸ್ತಕದಲ್ಲಿ ಇತ್ತಲ್ಲ. ನೀವು ಹೇಳ್ತೀರಿ ಅಂತ ಕಾಲೇಜಿನ ಕೊನೆಯ ದಿನದವರೆಗೂ ಕಾದಿದ್ದೆ."