ಹಾಯಿದೋಣಿಯಲ್ಲಿ ಹಳೇ ನೀರು

ಸಂಕ್ರಾಂತಿ ಮುಗಿದ ವಾರ ಮುದ್ದೇಬಿಹಾಳ ಬಿಟ್ಟೆ. ಹುಬ್ಬಳ್ಳಿವರೆಗೆ ಬಸ್ಸು, ಮುಂದೆ ಕೊಚ್ಚಿಗೆ ರೈಲು. ಊರು ದಾಟುವವರೆಗೂ ರಸ್ತೆಯ ಎರಡೂ ಕಡೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು.

ಕೊಚ್ಚಿಯಲ್ಲಿ ಗೆಳೆಯ ಮಲ್ಲಣ್ಣ ಕಾಯುತ್ತಿದ್ದ. ನಮ್ಮ ಕಡೆಯ ಇಂಡಿ ಊರಿನವನು. ಹಡಗಿನ ನೌಕರಿಯಿಂದ ನಿವೃತ್ತನಾಗಿ ಹಳೆಯದೊಂದು ಹಾಯಿದೋಣಿ ಕೊಂಡಿದ್ದ. ಅದರಲ್ಲಿ ಸೇಶೆಲ್ಸ್ ದ್ವೀಪಕ್ಕೆ ಹೋಗುವುದು ಅವನ ಆಸೆ. ಸಾಲಿಯಲ್ಲಿ ಮಕ್ಕಳಿಗೆ ಭೂಗೋಳ ಕಲಿಸಿದ ಮಾಸ್ತರ ನಾನು. “ನಕಾಶೆಯಾಗ ತೋರಿಸಿದ್ದು ಸಾಕು, ಈಗ ಕಣ್ಲೆ ನೋಡ ಬಾ” ಎಂದು ಕರೆದಿದ್ದ. ಜೊತೆಗೆ ಅವನ ಹೆಂಡತಿ ಶಾಂತವ್ವ. ತವರು ಬಸವನ ಬಾಗೇವಾಡಿ. ಅತ್ತಿಗೆಯ ಸಮಾನ, ಹಾಗಾಗಿ ನಾನು ವೈನಿ ಎನ್ನುತ್ತೇನೆ.

ದೋಣಿ ನಮ್ಮೂರ ಬಸ್ಸಿಗಿಂತ ಗಿಡ್ಡ. ಒಬ್ಬರು ಸದಾ ಚುಕ್ಕಾಣಿ ಹಿಡಿದಿರಬೇಕು. ಒಬ್ಬರು ಎದ್ದ ಹಾಸಿಗೆ ಆರುವ ಮೊದಲೇ ಇನ್ನೊಬ್ಬರು ಅದರಲ್ಲಿ ಮಲಗುತ್ತಿದ್ದರು. ಊಟಕ್ಕೆ ಡಬ್ಬಿಗಟ್ಟಲೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಬೆಳಗಾದರೆ ಹಲಗೆಯ ಮೇಲೆ ಬಿದ್ದಿರುತ್ತಿದ್ದ ಹಾರುಮೀನುಗಳನ್ನು ವೈನಿ ಕಸಬರಿಗೆಯಿಂದ ಮೆಲ್ಲಗೆ ನೀರಿಗೆ ತಳ್ಳುತ್ತಿದ್ದರು. ಸುತ್ತ ಒಂದು ಗಿಡವಿಲ್ಲ, ಗುಡ್ಡವಿಲ್ಲ, ಆಕಾಶ ಅಂಚಿನವರೆಗೂ ಇಳಿದಿತ್ತು. ನಮ್ಮ ಕಪ್ಪುಮಣ್ಣಿನ ಎರಿಹೊಲಗಳ ಬಯಲಿನಲ್ಲಿ ಬೆಳೆದವನಿಗೆ ಅದು ಪರದೇಶ ಅನ್ನಿಸಲಿಲ್ಲ.

ದೋಣಿಯ ಟಾಕಿಯಲ್ಲಿ ತುಂಬಿದ್ದ ನೀರಿಗೆ ಮೊದಲ ವಾರವೇ ಡೀಸೆಲ್ ವಾಸನೆ ಹತ್ತಿತು. ಕುಡಿಯಲು ಉಳಿದದ್ದು ಮೂರು ಕ್ಯಾನು.

ಅರ್ಧ ದಾರಿಯಲ್ಲಿ ಒಂದು ಮಧ್ಯಾಹ್ನ ಮಳೆ ಬಂತು. ಮಲ್ಲಣ್ಣ ಒಳಗೆ ನಿದ್ದೆಯಲ್ಲಿದ್ದ. ಗಾಳಿಗೆ ಚುಕ್ಕಾಣಿ ಹಿಡಿಯುವುದೇ ನನಗೆ ಸಾಕಾಗಿತ್ತು. ವೈನಿ ಏನು ಮಾಡುತ್ತಿದ್ದಾರೆ ಎಂದು ನೋಡಲಿಲ್ಲ. ನಮ್ಮ ಕಡೆ ನಳದ ನೀರು ಬರುವುದು ಕೆಲವು ದಿನಕ್ಕೊಮ್ಮೆ. ಬಂದ ದಿನ ಹಳೇ ನೀರು ಚೆಲ್ಲಿ, ಕೊಡ ತಿಕ್ಕಿ, ಹೊಸ ನೀರು ತುಂಬುವುದು ರೂಢಿ. ವೈನಿ ಅದನ್ನೇ ಮಾಡಿದ್ದರು. ಎರಡು ಕ್ಯಾನು ಬರಿದು ಮಾಡಿ, ತೊಳೆದು, ಹಾಯಿಯಿಂದ ಇಳಿಯುವ ನೀರಿಗೆ ಹಿಡಿದಿದ್ದರು. ಕ್ಯಾನು ಅರ್ಧ ತುಂಬುವುದರೊಳಗೆ ಮಳೆ ನಿಂತಿತು.

ಎದ್ದು ಬಂದ ಮಲ್ಲಣ್ಣ ಒಂದು ಗುಟುಕು ಕುಡಿದು ಉಗುಳಿದ. ಹಾಯಿಗೆ ಹತ್ತಿದ್ದ ಉಪ್ಪೆಲ್ಲ ಆ ನೀರಿನಲ್ಲಿ ಇಳಿದಿತ್ತು. ಅವನು ಬಯ್ಯಲಿಲ್ಲ. “ಮೊದಲ ಹೇಳಬೇಕಾಗಿತ್ತು ನಾ” ಎಂದಷ್ಟೇ ಅಂದ. ರೇಡಿಯೊದಲ್ಲಿ ಕರೆದು ನೋಡಿದ. ಹತ್ತಿರ ಯಾವ ಹಡಗೂ ಇರಲಿಲ್ಲ. ಅಂದಿನಿಂದ ಹೊತ್ತಿಗೊಂದು ಲೋಟ ನೀರು. ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಚಟ್ನಿಯ ಡಬ್ಬಿ ಮುಚ್ಚಿಟ್ಟೆವು.

ಎರಡು ದಿನದ ಮೇಲೆ, ವೈನಿ ತಮ್ಮ ಲೋಟದ ನೀರನ್ನು ಕ್ಯಾನಿಗೆ ಮರಳಿ ಸುರಿಯುವುದನ್ನು ಕಂಡೆ. ತುಟಿ ಒಡೆದಿದ್ದವು. ಏಳಲು ಹೋಗಿ ಕುಸಿದು ಕುಳಿತರು. ನನ್ನ ಲೋಟವನ್ನು ಅವರೆದುರು ಇಟ್ಟೆ.

“ನೀವು ಕುಡಿಯೂತನಾ ನಾನೂ ಕುಡಿಯಂಗಿಲ್ಲ, ವೈನಿ. ಮನಿಗೆ ಬಂದಾಂವಗ ನೀರು ಕೊಡಲಿಲ್ಲಂತ ಬಾಗೇವಾಡಿಗೆಲ್ಲಾ ಹೇಳ್ತೇನಿ.”

ಮಲ್ಲಣ್ಣನೂ ತನ್ನ ಲೋಟ ಪಕ್ಕದಲ್ಲಿಟ್ಟ.

“ಚೆಲ್ಲಿದಾಕಿ ನಾನರಿ, ಮಾಸ್ತರ. ಯಾವ ಮಾರಿ ಇಟಗೊಂಡು ಕುಡೀಲಿ?”

“ಮಾರಿ ತೊಳಕೊಳ್ಳಾಕ ಸಮುದ್ರ ಐತಿ” ಎಂದ ಮಲ್ಲಣ್ಣ. “ಇದು ಕುಡಿಯಾಕ.”

ವೈನಿಗೆ ನಗು ಬಂತು. ನಕ್ಕದ್ದಕ್ಕೆ ತುಟಿಯಿಂದ ರಕ್ತ ಜಿನುಗಿತು. ಸೆರಗಿನಿಂದ ಒರೆಸಿಕೊಂಡು ಲೋಟ ಎತ್ತಿದರು. ಮೂವರೂ ಕೂಡಿ ಕುಡಿದೆವು.

ಮತ್ತೆ ಮಳೆ ಬಂದಾಗ ವೈನಿ ಅವಸರ ಮಾಡಲಿಲ್ಲ. ಹಾಯಿಯ ಅಂಚಿನ ಹನಿಯನ್ನು ಬೆರಳಿಗೆ ಹಚ್ಚಿ ನೆಕ್ಕಿ, “ಇನ್ನೂ ಉಪ್ಪ ಐತಿ” ಎನ್ನುತ್ತ ಕಾದರು. ಸಿಹಿಯಾದ ಮೇಲೆ ಕುಕ್ಕರು, ಬೋಗುಣಿ, ರೊಟ್ಟಿಯ ಡಬ್ಬಿ ಎಲ್ಲ ತುಂಬಿದವು. ಚೆಲ್ಲದೆ ಉಳಿದಿದ್ದ ಹಳೇ ನೀರಿನ ಕ್ಯಾನನ್ನು ಮಾತ್ರ ಮುಚ್ಚಳ ಬಿಗಿದು ಕಾಲ ಬಳಿ ಇಟ್ಟುಕೊಂಡಿದ್ದರು.

ಸೇಶೆಲ್ಸಿನ ಹಸಿರು ಗುಡ್ಡ ಕಂಡಾಗ ಆ ಕ್ಯಾನಿನ ತಳದಲ್ಲಿ ಇನ್ನೂ ನಾಲ್ಕು ಬೆರಳು ನೀರಿತ್ತು. ದಡದಲ್ಲಿ ನಿಂತು ತಿರುಗಿ ದೋಣಿಯನ್ನು ನೋಡಿದೆ. ಇಷ್ಟು ಸಣ್ಣದರಲ್ಲಿ ಬಂದೆವೇ ಅನ್ನಿಸಿತು.

ವಿಮಾನದಲ್ಲಿ ಮರಳಿ ಊರು ತಲುಪಿದಾಗ ಜೋಳ ಕೊಯ್ದು ಹೊಲಗಳು ಬರಿದಾಗಿದ್ದವು. ಆ ಬಯಲು ನೋಡಿದರೆ ಈಗ ನನಗೆ ಸಮುದ್ರವೇ ನೆನಪಾಗುತ್ತದೆ. ತವರಿಗೆ ಬಂದಿದ್ದ ವೈನಿ ಮೊನ್ನೆ ಮುಂಜಾನೆ ಬಾಗೇವಾಡಿಯಿಂದ ಫೋನ್ ಮಾಡಿದರು.

“ಮಾಸ್ತರ, ನಳಾ ಬಂದೈತ್ರಿ. ಕೊಡದಾಗ ಹಳೇ ನೀರು ಹಂಗ ಐತಿ. ಚೆಲ್ಲಾಕ ಕೈ ಏಳವಲ್ದು.”

ನಾನು ಏನಾದರೂ ಹೇಳುವ ಮೊದಲೇ, ಆ ಕಡೆ ಕೊಡದೊಳಗೆ ತಂಬಿಗೆ ಮುಳುಗಿಸಿ ಗಟಗಟ ಕುಡಿಯುವ ಸದ್ದು ಕೇಳಿಸಿತು.