ಇಳಿಯುತ್ತಲೇ ಹೋದ ರೀಡಿಂಗ್

2019ರ ಬೇಸಿಗೆ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ನಾನು ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಎಂಜಿನಿಯರ್. ಸುಟ್ಟುಹೋದ ಐವತ್ತು ಎಚ್‌ಪಿ ಮೋಟಾರೊಂದನ್ನು ರೀವೈಂಡಿಂಗ್‌ಗೆ, ಅಂದರೆ ಒಳಗಿನ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತಿಸಲು, ತಿ. ನರಸೀಪುರದ ಮಹದೇವಪ್ಪನವರಿಗೆ ಕೊಟ್ಟಿದ್ದೆವು. ಅವರ ಅಂಗಡಿ ನಡೆಯುತ್ತಿದ್ದುದೇ ನಮ್ಮ ಕೆಲಸದಿಂದ.

ಶುಕ್ರವಾರ ಹನ್ನೊಂದೂವರೆಗೆ ಮಹದೇವಪ್ಪನವರೇ ಮೋಟಾರು ತಂದರು. ರೆಸಿಸ್ಟೆನ್ಸ್ ಅಳೆದೆ. ಕರೆಂಟಿಗೆ ತಂತಿ ಒಡ್ಡುವ ತಡೆ ಅದು. ಇನ್ನೂರು ಮಿಲಿ ಓಂ ಇರಬೇಕಾದದ್ದು ಇನ್ನೂರ ಇಪ್ಪತ್ತೆರಡು ತೋರಿಸಿತು. ತಂತಿ ತೆಳ್ಳಗಾದಷ್ಟೂ ತಡೆ ಹೆಚ್ಚು. ನಮ್ಮ ಮ್ಯಾನೇಜರ್‌ಗೆ ಅಷ್ಟು ಸಾಕಾಯಿತು.

"ತೆಳು ತಂತಿ ಸುತ್ತಿ ತಾಮ್ರ ನುಂಗಿದ್ದಾನೆ, ಕಳ್ಳ. ಇವತ್ತಿಂದ ಇವನಿಗೆ ಗೇಟ್ ಬಂದ್!"

ಮಹದೇವಪ್ಪ ಕೈಮುಗಿದರು. "ನಂಜುಂಡೇಶ್ವರನಾಣೆ ಸಾ, ಅದೇ ಗೇಜಿನ ತಂತಿ, ಅಷ್ಟೇ ದಪ್ಪ, ಅಷ್ಟೇ ಸುತ್ತು. ನಾನ್ಯಾಕ್ ಕದೀಲಿ?"

ಮೀಟರ್ ಮೇಲೆ ಅನುಮಾನ ಬಂದು ಇನ್ನೊಂದು ತರಿಸಿದೆ. ಇನ್ನೂರ ಹದಿನೆಂಟು. ಮೊದಲಿನ ಮೀಟರನ್ನೇ ಮತ್ತೆ ಹಚ್ಚಿದರೆ ಅದೂ ಇನ್ನೂರ ಹದಿನೇಳು! ಊಟ ಮುಗಿಸಿ ಬಂದು ನೋಡಿದರೆ ಇನ್ನೂರ ಒಂಬತ್ತು. ಅಯ್ಯೋ ಶಿವನೇ, ಕದ್ದ ತಾಮ್ರ ತಾನಾಗಿಯೇ ವಾಪಸ್ ಬರುತ್ತಿದೆಯೇ? ವರ್ಷಗಟ್ಟಲೆ ಸರ್ವೀಸ್ ಆದ ನನಗೆ ತಲೆಬುಡ ತಿಳಿಯಲಿಲ್ಲ. ತಿಳಿಯದಿದ್ದಾಗ ನನಗೆ ಬರುವುದು ಸಿಟ್ಟೇ.

"ಬೆಳಿಗ್ಗೆಯಿಂದ ಇದನ್ನ ಏನೇನು ಮಾಡಿದ್ರಿ? ಒಂದೂ ಬಿಡದೆ ಹೇಳ್ರೀ" ಎಂದು ರೇಗಿದೆ.

"ತಂತಿಗೆ ಹಚ್ಚಿದ್ ವಾರ್ನಿಷ್ ಒಣಗ್ಲಿ ಅಂತ ಓವನ್ನಲ್ಲಿ ಇಟ್ಟಿದ್ದೆ ಸಾ. ನೀವು ಅರ್ಜೆಂಟ್ ಅಂದ್ರಿ. ಹತ್ತೂವರೆಗೆ ರಾಹುಕಾಲ ಬತ್ತದಲ್ಲ, ಅಷ್ಟ್ರೊಳ್ಗೆ ಮಾಲು ಅಂಗ್ಡಿ ಬುಡ್ಬೇಕಲ್ವಾ? ಓವನ್ನಿಂದ ತೆಗ್ದಿದ್ದೇ ಗಾಡಿಗೆ ಏರಿಸ್ದೆ ಕಣ್ರೀ."

ಹೊಳೆದದ್ದು ಆಗ. ತಾಮ್ರ ಕಾದಷ್ಟೂ ತಡೆ ಏರುತ್ತದೆ. ಹತ್ತು ಡಿಗ್ರಿಗೆ ಸುಮಾರು ಶೇಕಡಾ ನಾಲ್ಕು. ಮೋಟಾರಿನ ಹೊರಮೈ ಬೆಚ್ಚಗಿದ್ದುದನ್ನು ನಾವೆಲ್ಲ ಬಿಸಿಲಿನ ಕಾವು ಅಂದುಕೊಂಡಿದ್ದೆವು. ಒಳಗಿನ ಸುರುಳಿಯಲ್ಲಿ ಓವನ್ನಿನ ಬಿಸಿ ಇನ್ನೂ ಉಳಿದಿತ್ತು. ವಿವರಿಸಿದರೂ ಮ್ಯಾನೇಜರ್ ಒಪ್ಪಲಿಲ್ಲ. ಬೆಳಿಗ್ಗೆ ನೋಡೋಣ ಎಂದರು. ಮಹದೇವಪ್ಪ ಊರಿಗೂ ಹೋಗದೆ ನಂಜನಗೂಡಿನಲ್ಲೇ ಉಳಿದರು. ನನಗೂ ಒಳಗೊಳಗೇ ಅಳುಕು. ಲೆಕ್ಕ ತಪ್ಪಿದರೆ ಅವರ ಅನ್ನಕ್ಕೇ ಕಲ್ಲು.

ಶನಿವಾರ ಬೆಳಿಗ್ಗೆ ಮೋಟಾರು ತಣ್ಣಗಿತ್ತು. ರೀಡಿಂಗ್ ಸರಿಯಾಗಿ ಇನ್ನೂರು. ಮ್ಯಾನೇಜರ್ ಒಮ್ಮೆ ಕೆಮ್ಮಿ, "ಸರಿ, ಒಳಗೆ ತಗೊಳ್ಳಿ" ಎಂದು ಹೊರಟುಹೋದರು. ಮಹದೇವಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

ಅಳತೆ ಸರಿಯಿದ್ದೂ ತೀರ್ಪು ತಪ್ಪಬಹುದೆಂದು ನನ್ನ ವೃತ್ತಿ ಕಲಿಸಿದ್ದು ಆ ಎರಡು ದಿನಗಳಲ್ಲಿ. ಆಮೇಲೆ ನಾನು ತಾಪಮಾನ ನೋಡದೆ ರೆಸಿಸ್ಟೆನ್ಸ್ ಬರೆದವನಲ್ಲ. ಮಹದೇವಪ್ಪ ಮುಂದಿನ ಮೋಟಾರು ತಂದಾಗ ಮ್ಯಾನೇಜರ್ ಅಲ್ಲೇ ನಿಂತಿದ್ದರು. ನಾನು ಮೀಟರಿಗೆ ಕೈ ಹಾಕುತ್ತಿದ್ದಂತೆ ಮಹದೇವಪ್ಪ ಅವರತ್ತಲೇ ನೋಡುತ್ತ ಅಂದರು:

"ಒಂದಿನ ಬುಡಿ ಸಾ, ತಣ್ಣಗಾಗ್ಲಿ. ಕಳ್ಳ ಅನ್ನೋದಾದ್ರೆ ಆಮೇಲ್ ಅನ್ನಿ."